ಕಾಯಿ ಬಿಡದ ಸೀಬೆ ಮರವನ್ನು ಕಡಿಸುವ ಮುನ್ನ
(ಹಾಲು ಉತ್ಪಾದಕರ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಹಸುವಿನ ಡಾಕ್ಟರಿಗೆ ಸೀಬೆ ಮರದ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕಳೆದ ವರ್ಷ ಏಪ್ರಿಲ್‌ನಲ್ಲಿ ಕೆಚ್ಚಲು ಬಾವು ಬಂದ ಹಸುವನ್ನು ನೋಡಲು ಸದಸ್ಯರೊಬ್ಬರ ಮನೆಗೆ ಹೋಗಿದ್ದೆ. ಹಿತ್ತಲಿನಲ್ಲಿ ದೊಡ್ಡ ಸೀಬೆ ಮರ, ಬುಡಕ್ಕೆ ಒರಗಿಸಿಟ್ಟ ಕೊಡಲಿ. “ಮೂರು ವರ್ಷದಿಂದ ಒಂದು ಕಾಯಿ ಇಲ್ಲ ಡಾಕ್ಟ್ರೇ. ನಮ್ಮ ಯಜಮಾನರು ನೆಟ್ಟಿದ್ದು ಅಂತ ಇಷ್ಟು ದಿನ ಇಟ್ಕೊಂಡಿದ್ದೆ, ನಾಳೆ ಕಡಿಸ್ತೀನಿ” ಎಂದರು ಆ ತಾಯಿ. ಅವರ ಎರಡು ಮಿಶ್ರತಳಿ ಹಸುಗಳಿಗೆ ಮಧ್ಯಾಹ್ನದ ನೆರಳು ಅದೊಂದೇ. ಬಿಸಿಲಿಗೆ ಏದುಸಿರು ಬಿಡುವ ಹಸು ಮೇವು ಕಡಿಮೆ ತಿನ್ನುತ್ತದೆ, ಹಾಲೂ ಇಳಿಯುತ್ತದೆ. ಆದ್ದರಿಂದ ಕೊಡಲಿ ಒಳಗಿಡಿ ಎಂದೆ.

ಮರಕ್ಕೆ ರೋಗವೇನೂ ಇರಲಿಲ್ಲ, ಎಲೆ ಕಡುಹಸಿರಾಗಿತ್ತು. ಕೊಟ್ಟಿಗೆ ತೊಳೆದ ನೀರು, ಗಂಜಲ ಎಲ್ಲವೂ ನೇರವಾಗಿ ಬುಡಕ್ಕೆ ಹರಿಯುತ್ತಿತ್ತು. ಗಂಜಲದಲ್ಲಿ ಸಾರಜನಕ ಹೆಚ್ಚು. ಅದು ಅತಿಯಾದರೆ ಮರ ಸೊಪ್ಪು ಬೆಳೆಸುತ್ತದೆಯೇ ಹೊರತು ಹೂ ಕಟ್ಟುವುದಿಲ್ಲ. ಆ ನೀರನ್ನು ಕಾಲುವೆ ತೆಗೆದು ನೇಪಿಯರ್ ಹುಲ್ಲಿನ ಮಡಿಗೆ ತಿರುಗಿಸಿ. ಹುಲ್ಲಿಗೆ ಬೇಕಾದದ್ದು ಸೊಪ್ಪೇ ತಾನೆ? ಹಸುವನ್ನು ಕಾಂಡಕ್ಕೆ ಕಟ್ಟಬೇಡಿ, ಹಗ್ಗ ಉಜ್ಜಿ ತೊಗಟೆ ಸವೆಯುತ್ತದೆ. ಹಸು ತಾನೇ ತೊಗಟೆ ಕಡಿಯುತ್ತಿದ್ದರೆ ಖನಿಜಾಂಶದ ಕೊರತೆ ಇರಬಹುದು. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಕೊಡಿ.

ಇನ್ನು ಸವರುವ ವಿಚಾರ. ಸೀಬೆ ಹೂ ಬಿಡುವುದು ಆಯಾ ಹಂಗಾಮಿನ ಹೊಸ ಚಿಗುರಿನಲ್ಲಿ. ಕೊಂಬೆಗಳು ಹೆಣೆದುಕೊಂಡು ಒಳಗೆ ಬಿಸಿಲು ಬೀಳದಿದ್ದರೆ ಚಿಗುರೂ ಇಲ್ಲ, ಹೂವೂ ಇಲ್ಲ. ಮೇ ತಿಂಗಳಲ್ಲಿ, ಮುಂಗಾರಿಗೆ ಮುಂಚೆ, ಮೊದಲು ಒಣಗಿದ ಹಾಗೂ ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ತೆಗೆಯಿರಿ. ಆಮೇಲೆ ದಪ್ಪ ಕೊಂಬೆಗಳಲ್ಲಿ ಅರ್ಧವನ್ನು ಮಾತ್ರ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿ ಕತ್ತರಿಸಿ. ಉಳಿದರ್ಧಕ್ಕೆ ತುದಿಯನ್ನು ಒಂದು ಗೇಣು ಸವರಿದರೆ ಸಾಕು. ಹೀಗೆ ಮಾಡಿದರೆ ನೆರಳೂ ಉಳಿಯುತ್ತದೆ, ಆ ವರ್ಷವೇ ಸ್ವಲ್ಪ ಕಾಯಿಯೂ ಸಿಗುತ್ತದೆ.

ಗರಗಸವನ್ನೇ ಬಳಸಿ. ಕೊಂಬೆಯ ಅಡಿಯಿಂದ ಮೂರನೇ ಒಂದು ಭಾಗ ಕೊಯ್ದು, ನಂತರ ಮೇಲಿನಿಂದ ಕೊಯ್ಯಿರಿ. ನಮ್ಮ ಮನೆಯ ಮರವನ್ನು ನಾನೇ ಹಿಂದೆ ಕೊಡಲಿಯಿಂದ ಕಡಿಸಿ, ಕೊಂಬೆ ಬೀಳುವಾಗ ಕಾಂಡದ ತೊಗಟೆ ಮೊಳದುದ್ದ ಸುಲಿದು ಬಂದಿತ್ತು. ಕತ್ತರಿಸಿದ ಕಡೆ ಚಿಗುರು ಗುಂಪಾಗಿ ಒಡೆಯುತ್ತದೆ. ಹೊರಮುಖವಾಗಿರುವ ನಾಲ್ಕೈದನ್ನು ಉಳಿಸಿ, ಒಂದೂವರೆ ಅಡಿ ಬೆಳೆದಾಗ ಅರ್ಧಕ್ಕೆ ಚಿವುಟಿ.

ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಬೇಕು: ಮೈಲುತುತ್ತ 100 ಗ್ರಾಂ, ಸುಣ್ಣ 100 ಗ್ರಾಂ, ನೀರು 1 ಲೀಟರ್. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ, ಕಬ್ಬಿಣದ ಪಾತ್ರೆ ಬೇಡ. ಇಲ್ಲಿ ನನ್ನ ಮಾತನ್ನು ಗಮನವಿಟ್ಟು ಕೇಳಿ. ಮೈಲುತುತ್ತದಲ್ಲಿರುವ ತಾಮ್ರ ದನಕರುಗಳಿಗೆ ವಿಷ. ಕುರಿಗಳಂತೂ ಅದನ್ನು ತಾಳಲಾರವು. ಸವರಿದ ಸೊಪ್ಪನ್ನು ಮುಲಾಮು ಹಚ್ಚುವ ಮುಂಚೆಯೇ ಅಲ್ಲಿಂದ ಎತ್ತಿಬಿಡಿ. ಬಕೆಟ್ ತೊಳೆದ ನೀರು ಬಾನಿಯ ಹತ್ತಿರ ಸುಳಿಯಬಾರದು, ಆ ಬಕೆಟ್ಟಿನಲ್ಲಿ ಮತ್ತೆಂದೂ ಕಲಗಚ್ಚು ಇಡಬಾರದು.

ಆ ತಾಯಿಯ ಮರದಲ್ಲಿ ತುದಿ ಸವರಿದ ಭಾಗ ಡಿಸೆಂಬರ್‌ನಲ್ಲಿ ಒಂದು ಮಂಕರಿಯಷ್ಟು ಕಾಯಿ ಕೊಟ್ಟಿತು. ಕತ್ತರಿಸಿದ ಭಾಗ ಈಗ ಚೆನ್ನಾಗಿ ಕವಲೊಡೆದಿದೆ. ಉಳಿದರ್ಧವನ್ನು ಬರುವ ಮೇ ತಿಂಗಳಲ್ಲಿ ಕತ್ತರಿಸಬೇಕು. ಗರಗಸ ನಾನೇ ತರುತ್ತೇನೆಂದು ಹೇಳಿದ್ದೇನೆ. ಕಣ್ಣಾರೆ ನೋಡಬೇಕೆನ್ನುವವರು ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಿ, ಬೆಳಗಿನ ಹಾಲು ಹಾಕಿದ ಮೇಲೆ ಒಟ್ಟಿಗೆ ಹೋಗೋಣ.