ಕಾಣದ ವೈಕಲ್ಯಕ್ಕೆ ಕಾಣುವ ಗುರುತು

(ಕುಟುಂಬ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಬಿಳಿ ಬೆತ್ತವನ್ನು ನೀವೆಲ್ಲರೂ ಬಲ್ಲಿರಿ. ಅದನ್ನು ಹಿಡಿದವರು ರಸ್ತೆಗಿಳಿದರೆ ಎಂತಹ ಅವಸರದ ಆಟೋ ಚಾಲಕನೂ ಗಾಡಿ ನಿಧಾನಿಸುತ್ತಾನೆ. ಆ ಬೆತ್ತಕ್ಕೆ ಬಿಳಿ ಬಣ್ಣ ಬಂದ ಕಥೆಯನ್ನು ಕೇಳಿರಿ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಛಾಯಾಗ್ರಾಹಕ ಜೇಮ್ಸ್ ಬಿಗ್ಸ್ ಅಪಘಾತವೊಂದರಲ್ಲಿ ದೃಷ್ಟಿ ಕಳೆದುಕೊಂಡರು. ಮನೆಯ ಸುತ್ತಮುತ್ತ ಓಡಾಡುವ ವಾಹನಗಳಿಗೆ ಹೆದರಿ 1921ರಲ್ಲಿ ತಮ್ಮ ಕೈಗೋಲಿಗೆ ಬಿಳಿ ಬಣ್ಣ ಬಳಿದರು. ಕೋಲು ಅವರಿಗೆ ದಾರಿ ತೋರಿಸಲು. ಬಣ್ಣವಾದರೋ ಕಣ್ಣಿದ್ದವರಿಗೆ ತೋರಿಸಲು.

ಆದರೆ ಕೈಯಲ್ಲಿ ಯಾವ ಬೆತ್ತವೂ ಇಲ್ಲದ ವೈಕಲ್ಯಗಳಿಗೆ ಏನು ಮಾಡೋಣ? ಅಪಸ್ಮಾರ, ಆಟಿಸಂ, ಕಿವುಡುತನ, ತಲಸ್ಸೇಮಿಯಾ, ಮನೋರೋಗ, ಬಟ್ಟೆಯೊಳಗೆ ಅಡಗಿದ ಕೃತಕ ಕೀಲು. ನನಗೆ ಪರಿಚಯದ ಒಬ್ಬ ತಾಯಿಯ ಮಗನಿಗೆ ಆಟಿಸಂ ಇದೆ. ಮದುವೆ ಮಂಟಪದ ಗದ್ದಲ ತಾಳಲಾರದೆ ಅವನು ಕಿವಿ ಮುಚ್ಚಿಕೊಂಡು ಕಿರುಚಿದಾಗ, 'ಮಗುವಿಗೆ ಶಿಸ್ತು ಕಲಿಸಿಲ್ಲ' ಎಂದು ನೆಂಟರೇ ಆಡಿಕೊಂಡರು. ಆಕೆ ಮೂರು ವರ್ಷ ಯಾವ ಮದುವೆಗೂ ಹೋಗಲಿಲ್ಲ. ಅದೇ ಹುಡುಗನ ಕಾಲಿಗೆ ಪ್ಲಾಸ್ಟರ್ ಹಾಕಿದ್ದರೆ ಅವರೇ ಓಡಿಹೋಗಿ ಕುರ್ಚಿ ತಂದುಕೊಡುತ್ತಿದ್ದರು.

ಜಪಾನಿನವರು ಇದಕ್ಕೊಂದು ಉಪಾಯ ಕಂಡುಕೊಂಡರು. ಟೋಕಿಯೊ ಮಹಾನಗರದ ವಿಧಾನಸಭೆಯ ಸದಸ್ಯೆಯೊಬ್ಬರ ಕಾಲಿನಲ್ಲಿ ಕೃತಕ ಕೀಲಿತ್ತು. ನೋಡುವವರಿಗೆ ಅದು ತಿಳಿಯುತ್ತಿರಲಿಲ್ಲ. ಅವರ ಸಲಹೆಯ ಮೇರೆಗೆ 2012ರಲ್ಲಿ 'ಹೆಲ್ಪ್ ಮಾರ್ಕ್' ಜಾರಿಗೆ ಬಂತು. ಕೆಂಪು ಪಟ್ಟಿಯ ಮೇಲೆ ಬಿಳಿಯ ಕೂಡು ಚಿಹ್ನೆ, ಅದರ ಕೆಳಗೊಂದು ಹೃದಯ. ಅದನ್ನು ಚೀಲಕ್ಕೆ ತೂಗುಹಾಕಿಕೊಳ್ಳುತ್ತಾರೆ. ಭೂಗತ ರೈಲು ನಿಲ್ದಾಣಗಳಲ್ಲಿ ಹಣವಿಲ್ಲದೆ, ವೈದ್ಯರ ಪ್ರಮಾಣಪತ್ರವೂ ಇಲ್ಲದೆ ಕೊಡತೊಡಗಿದರು. ಬೇಕಾದ ನೆರವು ಯಾವುದೆಂದು ಬರೆದು ಅಂಟಿಸಿಕೊಳ್ಳಲು ಒಂದು ಚೀಟಿಯೂ ಇದೆ. 2017ರಲ್ಲಿ ಇದು ರಾಷ್ಟ್ರೀಯ ಮಾನಕಗಳಲ್ಲಿ ಸೇರ್ಪಡೆಯಾಯಿತು.

ಆ ಚೀಟಿಯ ಬೆಲೆಯನ್ನು ಯೋಚಿಸಿ. ನಮ್ಮ ಬಸ್ ನಿಲ್ದಾಣದಲ್ಲಿ ಒಬ್ಬನಿಗೆ ಅಪಸ್ಮಾರ ಬಂತೆನ್ನಿ. ಹತ್ತು ಮಂದಿ ಸೇರುತ್ತಾರೆ. ಒಬ್ಬ ಕೈಗೆ ಕಬ್ಬಿಣದ ಬೀಗದಕೈ ತುರುಕುತ್ತಾನೆ, ಇನ್ನೊಬ್ಬ ಬಾಯಿಗೆ ನೀರು ಸುರಿಯುತ್ತಾನೆ. 'ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ಹಾಕಬೇಡಿ, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಿರಿ' ಎಂಬ ಮೂರು ಮಾತು ಅವನ ಚೀಲದಲ್ಲಿ ನೇತಾಡುತ್ತಿದ್ದರೆ ಜೀವ ಉಳಿಯಬಹುದು.

ಬ್ರಿಟನ್ನಿನಲ್ಲಿ 2016ರಲ್ಲಿ ಗ್ಯಾಟ್ವಿಕ್ ವಿಮಾನ ನಿಲ್ದಾಣವು ಹಸಿರು ಪಟ್ಟಿಯ ಮೇಲೆ ಸೂರ್ಯಕಾಂತಿ ಹೂವುಗಳಿರುವ ಕೊರಳಪಟ್ಟಿಯನ್ನು ಆರಂಭಿಸಿತು. ಬೆಂಗಳೂರಿನ ವಿಮಾನ ನಿಲ್ದಾಣಕ್ಕೂ ಆ ಹೂವು ಬಂದಿದೆ. ಅದನ್ನು ಧರಿಸಿದವರಿಗೆ ಸಾಲು ತಪ್ಪಿಸುವ ಹಕ್ಕೇನೂ ಬರುವುದಿಲ್ಲ. 'ನನಗೆ ತುಸು ಹೆಚ್ಚು ಸಮಯ ಬೇಕಾಗಬಹುದು' ಎಂದಷ್ಟೇ ಅದು ಹೇಳುತ್ತದೆ. ಕಾಯಿಲೆಯ ಹೆಸರನ್ನು ಹೇಳುವುದಿಲ್ಲ. ಅದರಲ್ಲಿ ಘನತೆಯಿದೆ.

ಇದಕ್ಕೆ ಆಕ್ಷೇಪಗಳಿಲ್ಲವೆಂದಲ್ಲ. 2020ರ ಕೊರೋನಾ ಕಾಲದಲ್ಲಿ ಮುಖಗವಸು ತಪ್ಪಿಸಿಕೊಳ್ಳಲು ಕೆಲವರು ಬ್ರಿಟನ್ನಿನಲ್ಲಿ ಈ ಸೂರ್ಯಕಾಂತಿ ಪಟ್ಟಿಯನ್ನೇ ಕೊರಳಿಗೆ ಹಾಕಿಕೊಂಡರು. 2022ರಲ್ಲಿ ಜಪಾನಿನ ಗಾಯಕಿಯೊಬ್ಬರ ಆಲ್ಬಮ್ಮಿನೊಂದಿಗೆ ಕೊಡಲಿದ್ದ ವಸ್ತು ಹೆಲ್ಪ್ ಮಾರ್ಕನ್ನೇ ಹೋಲುತ್ತದೆಂದು ಜನ ಸಿಟ್ಟಾದರು; ಕಂಪೆನಿ ಅದರ ವಿನ್ಯಾಸವನ್ನು ಬದಲಿಸಬೇಕಾಯಿತು. ಆದರೆ ಕಳ್ಳನಿಗೆ ಹೆದರಿ ಮನೆಗೆ ಬಾಗಿಲೇ ಬೇಡವೆನ್ನುವವರುಂಟೆ?

ಗಂಭೀರವಾದ ಆಕ್ಷೇಪ ಬೇರೆಯೇ ಇದೆ. ಸೌಜನ್ಯ ಪಡೆಯಲು ರೋಗಿಯೇಕೆ ಹಣೆಪಟ್ಟಿ ಕಟ್ಟಿಕೊಳ್ಳಬೇಕು? ಗುರುತಿಲ್ಲದವನನ್ನು ಗದರಿಸಲು ಅದು ಪರವಾನಗಿಯಾಗದೆ? ಈ ಪ್ರಶ್ನೆಗೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಗುರುತು ಐಚ್ಛಿಕವಾಗಿರಬೇಕು, ಅಷ್ಟನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ.

ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು 1995ರ ಕಾನೂನಿನ ಏಳು ಬಗೆಗಳನ್ನು 21ಕ್ಕೆ ಏರಿಸಿತು. ಆಟಿಸಂ, ತಲಸ್ಸೇಮಿಯಾ, ಕಲಿಕಾ ನ್ಯೂನತೆ, ಪಾರ್ಕಿನ್ಸನ್ ಎಲ್ಲವೂ ಅದರಲ್ಲಿವೆ. ಗುರುತಿನ ಚೀಟಿಯೂ ಸಿಗುತ್ತದೆ. ಆದರೆ ಅದು ಅಧಿಕಾರಿಯ ಮೇಜಿನ ಮೇಲಿಡುವ ಚೀಟಿ. ಪಕ್ಕದ ಸೀಟಿನವನಿಗೆ ಅದು ಕಾಣುವುದಿಲ್ಲ. ಬಸ್ಸಿನ ಮೀಸಲು ಆಸನದಲ್ಲಿ ಕುಳಿತ ಯುವಕನನ್ನು 'ಗಟ್ಟಿಮುಟ್ಟಾಗಿದ್ದೀಯಲ್ಲಾ' ಎಂದು ಎಬ್ಬಿಸುವವರು ಅವನ ಕಿಸೆಯನ್ನು ಓದಿರುವುದಿಲ್ಲ.

ಇನ್ನು ನಮ್ಮ ಮನೆಗಳ ವಿಚಾರ. ಹೆಣ್ಣುಮಗಳ ಅಪಸ್ಮಾರವನ್ನು ನಿಕಾಹ್ ಆಗುವ ತನಕ ಮುಚ್ಚಿಡುತ್ತೇವೆ. ಆಕೆಯ ಮಾತ್ರೆ ಅಕ್ಕಿ ಡಬ್ಬಿಯ ಹಿಂದೆ ಅಡಗಿರುತ್ತದೆ. ಗಂಡನ ಮನೆಯಲ್ಲಿ ನುಂಗಲು ಹೆದರಿ ಬಿಟ್ಟುಬಿಡುತ್ತಾಳೆ, ರೋಗ ಮರುಕಳಿಸುತ್ತದೆ. ಮನೆಯವರ ಮುಂದೆಯೇ ಬಾಯಿಬಿಡಲಾಗದವಳು ಬಸ್ಸಿನಲ್ಲಿ ಕೊರಳಪಟ್ಟಿ ಧರಿಸುವಳೆ? ಮಸೀದಿಯಲ್ಲಿ ಕುರ್ಚಿಯ ಮೇಲೆ ನಮಾಝ್ ಮಾಡುವ ಯುವಕನನ್ನು ನಾವು ಅಡಿಯಿಂದ ಮುಡಿವರೆಗೆ ಅಳೆಯುವ ನೋಟವೂ ಇದೇ ಜಾತಿಯದು.

ಆ ತಾಯಿ ಕಳೆದ ತಿಂಗಳು ನನ್ನನ್ನು ಕೇಳಿದರು: 'ಮಗನ ಕೊರಳಿಗೆ ಅಂಥದ್ದೊಂದು ಪಟ್ಟಿ ಹಾಕಲೇ?' ಅವನನ್ನೇ ಕೇಳಿರೆಂದೆ. ಈಗ ಅವನಿಗೆ ಹದಿಮೂರು. ಎರಡು ದಿನ ಯೋಚಿಸಿ ಉತ್ತರ ಕೊಟ್ಟನಂತೆ: 'ರೈಲಿನಲ್ಲಿ ಹಾಕಿಕೊಳ್ಳುತ್ತೇನೆ. ಶಾಲೆಯಲ್ಲಿ ಬೇಡ. ಮದುವೆಗೆ ಹೋಗುವುದಾದರೆ ಆಮೇಲೆ ಹೇಳುತ್ತೇನೆ.'