ಬಾಟಲಿಯ ಬೆನ್ನಿಗೆ ಕನ್ನಡ ಬೇಡವೇ?



ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಬಚ್ಚಲಿನ ಕಂಡೀಶನರ್ ಬಾಟಲಿಯನ್ನು ತಿರುಗಿಸಿ ನೋಡಿ. ಸಾಸಿವೆ ಕಾಳಿಗಿಂತ ಸಣ್ಣ ಅಕ್ಷರ, ಅದೂ ಇಂಗ್ಲಿಷಿನಲ್ಲಿ! ತಲೆ ನಮ್ಮದು, ದುಡ್ಡು ನಮ್ಮದು. ಹಚ್ಚಿಕೊಳ್ಳುವುದೇನೆಂದು ನಮ್ಮ ತಾಯಂದಿರು ಓದಲಾರರು.

ಓದುವ ಬಗೆ ಕಷ್ಟವೇನಲ್ಲ. 2020ರ ಸೌಂದರ್ಯವರ್ಧಕ ನಿಯಮದ ಪ್ರಕಾರ ಶೇಕಡ 1ಕ್ಕಿಂತ ಹೆಚ್ಚಿರುವ ವಸ್ತುಗಳನ್ನು ಹೆಚ್ಚಿನದು ಮೊದಲು ಎಂಬಂತೆ ಬರೆಯಬೇಕು. ಉಳಿದವು ಕೊನೆಗೆ, ಯಾವ ಕ್ರಮದಲ್ಲಾದರೂ ಸರಿ. ಮೊದಲು ಬರುವ ‘ಆಕ್ವಾ’ ಬರೀ ನೀರು. ಬಹುಪಾಲು ಅದಕ್ಕೇ ನಾವು ದುಡ್ಡು ಕೊಡುವುದು! ‘ಸೀಟೈಲ್ ಆಲ್ಕೋಹಾಲ್’ ಕಂಡು ಹೆಂಡವೆಂದು ಹೆದರಬೇಡಿ, ಅದು ಮಿಶ್ರಣವನ್ನು ಮಂದವಾಗಿಸುವ ಮೇಣದಂಥ ವಸ್ತು. ನಿಜವಾದ ಕೆಲಸಗಾರ ‘ಬೆಹೆನ್‌ಟ್ರೈಮೋನಿಯಂ ಕ್ಲೋರೈಡ್’. ತೊಳೆದ ಕೂದಲಿನ ಮೇಲೆ ಋಣ ವಿದ್ಯುದಂಶವಿರುತ್ತದೆ, ಇದರಲ್ಲಿ ಧನ. ಆದ್ದರಿಂದ ಇದು ಕೂದಲಿಗೆ ಅಂಟಿಕೊಂಡು ಎಳೆಗಳ ಉಜ್ಜಾಟ ತಗ್ಗಿಸುತ್ತದೆ, ಸಿಕ್ಕು ಬಿಡುತ್ತದೆ. ‘ಡೈಮೆಥಿಕೋನ್’ ಹೊಳಪು ಕೊಡುವ ಸಿಲಿಕೋನ್ ಪದರ. ಸೀಳಿದ ಕೂದಲನ್ನು ಇವು ಯಾವುವೂ ವಾಸಿಮಾಡುವುದಿಲ್ಲ. ಹೊರಗೆ ಕಾಣುವ ಕೂದಲಿಗೆ ಜೀವವೇ ಇಲ್ಲ.

ಇನ್ನು ‘ಕೋಕಸ್ ನುಸಿಫೆರಾ ಆಯಿಲ್’. ಯಾರಪ್ಪಾ ಇವನು ಅಂದರೆ ನಮ್ಮ ತೆಂಗಿನೆಣ್ಣೆ! ‘ಅಲೋ ಬಾರ್ಬಡೆನ್ಸಿಸ್’ ನಮ್ಮ ಹಿತ್ತಲಿನ ಲೋಳೆಸರ. ಮುಂದೆ ದೊಡ್ಡ ತೆಂಗಿನಕಾಯಿಯ ಚಿತ್ರವಿದ್ದು, ಹಿಂದೆ ಅದರ ಹೆಸರು ಸುವಾಸನೆಯ ‘ಪರ್ಫ್ಯೂಮ್’ ಆದ ಮೇಲೆ ಬಂದಿದ್ದರೆ, ಎಣ್ಣೆ ಹೆಸರಿಗಷ್ಟೇ ಇರುವ ಸಾಧ್ಯತೆಯೇ ಹೆಚ್ಚು.

ನಗುವ ಮಾತಲ್ಲದ್ದು ಒಂದಿದೆ. ಕೆಡದಂತೆ ಹಾಕುವ ‘ಮೀಥೈಲ್‌ಐಸೋಥಯಜೋಲಿನೋನ್’ ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತದೆ. ತೊಳೆಯದೆ ಹಾಗೇ ಬಿಡುವ ಕ್ರೀಮುಗಳಲ್ಲಿ ಇದು ಕೂಡದೆಂದು ಯೂರೋಪಿನ ಒಕ್ಕೂಟ 2016ರಲ್ಲಿ ನಿಯಮ ಮಾಡಿತು. ತೊಳೆದುಬಿಡುವ ಕಂಡೀಶನರಿನಲ್ಲಿ ಇದು ಇರಬಹುದು. ನೆತ್ತಿ ಕಡಿತ ಬಂದವರು ಮೊದಲು ಹುಡುಕಬೇಕಾದ ಹೆಸರುಗಳಲ್ಲಿ ಇದೂ ಒಂದು. ಇಂಗ್ಲಿಷ್ ಬಾರದವರು ಹುಡುಕುವುದು ಹೇಗೆ?

ಇತ್ತ 2011ರ ಪೊಟ್ಟಣ ಸರಕುಗಳ ಕೇಂದ್ರ ನಿಯಮ ಏನನ್ನುತ್ತದೆ ಗೊತ್ತೇ? ಬೆಲೆ, ತೂಕ, ತಯಾರಕರ ವಿಳಾಸ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಲೇಬೇಕು. ಬೇರೆ ಭಾಷೆ? ಬೇಕಿದ್ದರೆ ಜೊತೆಗೆ ಹಾಕಿಕೊಳ್ಳಬಹುದಂತೆ! ಕರ್ನಾಟಕದ ಅಂಗಡಿಯಲ್ಲಿ ಕನ್ನಡಕ್ಕೆ ‘ಬೇಕಿದ್ದರೆ’ ಎಂಬ ಸ್ಥಾನ.

ರಾಸಾಯನಿಕಗಳ ಹೆಸರು ಜಗತ್ತಿಗೆಲ್ಲ ಒಂದೇ ಇರಲಿ, ನಮ್ಮ ತಕರಾರಿಲ್ಲ. ಅವನ್ನೇ ಕನ್ನಡ ಲಿಪಿಯಲ್ಲಿ ಬರೆಯಲಿ. ತೆಂಗಿಗೆ ತೆಂಗು ಅನ್ನಲಿ. ಎಚ್ಚರಿಕೆಯ ಮಾತು, ಬಳಸುವ ವಿಧಾನ ಕನ್ನಡದಲ್ಲಿರಲಿ. ಗ್ರಾಹಕರ ದೂರಿಗೆಂದು ಬಾಟಲಿಯ ಮೇಲೆ ವಿಳಾಸವೋ ದೂರವಾಣಿಯೋ ಇರುತ್ತದೆ. ಈ ವಾರವೇ ಕನ್ನಡದಲ್ಲಿ ಕಾಗದ ಬರೆಯಿರಿ, ಫೋನ್ ಮಾಡಿದರೆ ಕನ್ನಡದಲ್ಲೇ ಕೇಳಿ. ಬಂದ ಉತ್ತರವನ್ನು ಮುಂದಿನ ಸಭೆಗೆ ತನ್ನಿ.