ಉಪ್ಸಾರಿನ ಖಾರ ಮತ್ತು ಒಲೆ ಪಕ್ಕದ ಬಾಟಲಿ

(ಸಂಘದ ಸ್ಥಾಪನಾ ದಿನಾಚರಣೆಯಲ್ಲಿ ಮಾಡಿದ ಭಾಷಣದ ಬರಹರೂಪ)



ವೈದ್ಯರನ್ನು ಮಾತಿಗೆ ಕರೆದರೆ ಬಿ.ಪಿ., ಕೊಲೆಸ್ಟರಾಲ್ ಎಂದು ಹೆದರಿಸುತ್ತಾರೆ, ಅದೂ ಹೋಳಿಗೆ ಊಟಕ್ಕೆ ಮುಂಚೆ! ಆದ್ದರಿಂದ ನಾವು ಅಡುಗೆಯ ವಿಷಯವನ್ನೇ ಹಿಡಿದಿದ್ದೇವೆ. ಬೆಳ್ಳುಳ್ಳಿ ತಿನ್ನದ ಮನೆಯವರೂ ಇಲ್ಲಿದ್ದೀರಿ. ಸ್ವಲ್ಪ ಹೊತ್ತು ಸಹಿಸಿಕೊಳ್ಳಬೇಕು.

ನಾವು ಮಂಡ್ಯ ಕಡೆಯವರು. ಎಂ.ಬಿ.ಬಿ.ಎಸ್. ಮುಗಿಸಿ ರೆಸಿಡೆನ್ಸಿಗೆಂದು ಅಮೆರಿಕಕ್ಕೆ ಬಂದ ಹೊಸತರಲ್ಲಿ ರಾತ್ರಿ ಡ್ಯೂಟಿ ಮುಗಿಸಿ ಬಂದರೆ ಹಸಿವಿಗೂ ನಿದ್ದೆಗೂ ಜಗಳ. ಆಗ ನಮ್ಮನ್ನು ಉಳಿಸಿದ್ದು ಉಪ್ಸಾರು. ಇಲ್ಲಿನ ಅಂಗಡಿಯಲ್ಲಿ ಬ್ಲ್ಯಾಕ್ ಐಡ್ ಪೀಸ್ ಎಂಬ ಹೆಸರಿನಲ್ಲಿ ಸಿಗುವ ಅಲಸಂದೆ ಕಾಳನ್ನು ಉಪ್ಪು ಹಾಕಿ ಬೇಯಿಸಿ, ಕೊನೆಗೆ ಒಂದು ಕಟ್ಟು ಪಾಲಕ್ ಸೊಪ್ಪು ಹಾಕಿ ಕುದಿಸಿ ಬಸಿದರೆ ಅರ್ಧ ಕೆಲಸ ಮುಗಿಯಿತು. ಇನ್ನು ಖಾರ. ಆರು ಹಸಿಮೆಣಸಿನಕಾಯಿ, ಹತ್ತು ಎಸಳು ಬೆಳ್ಳುಳ್ಳಿಯನ್ನು ಬಾಣಲೆಯಲ್ಲಿ ಕಪ್ಪು ಚುಕ್ಕೆ ಬರುವವರೆಗೆ ಹುರಿದು, ಜೀರಿಗೆ, ಹತ್ತು ಕಾಳು ಮೆಣಸು, ಗೋಲಿಯಷ್ಟು ಹುಣಸೆಹಣ್ಣು, ಉಪ್ಪು, ಒಂದು ಹಿಡಿ ಕೊತ್ತಂಬರಿ ಸೊಪ್ಪು ಸೇರಿಸಿ ಅರೆಯುವುದು. ತಟ್ಟೆಯ ಅಂಚಿಗೆ ಖಾರ, ನಡುವೆ ಮುದ್ದೆ, ಮೇಲೆ ಬಿಸಿ ಬಸಿದ ನೀರು. ಕಾಳು ಸೊಪ್ಪಿಗೆ ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಪಲ್ಯವೂ ಆಯಿತು. ಅಂದಹಾಗೆ, ಬೆಳ್ಳುಳ್ಳಿಯ ಘಾಟು ಹುಟ್ಟುವುದೇ ಜಜ್ಜಿದಾಗ. ಜಜ್ಜಿ ಹತ್ತು ನಿಮಿಷ ಬಿಟ್ಟು ಎಣ್ಣೆಗೆ ಹಾಕಿ ನೋಡಿ.

ನಮ್ಮ ಮಗಳು ಒಮ್ಮೆ ತುಳಸಿಯ ಬಳಗದ ಬೇಸಿಲ್ ಸೊಪ್ಪು, ಬೆಳ್ಳುಳ್ಳಿ, ಆಲಿವ್ ಎಣ್ಣೆ ಸೇರಿಸಿ ಇಟಲಿಯ ಪೆಸ್ತೊ ಅರೆದಳು. ಊರಿಂದ ಬಂದಿದ್ದ ಅಮ್ಮ ಬೆರಳಲ್ಲಿ ನೆಕ್ಕಿ, "ಇದು ನಮ್ ಚಟ್ನೀನೆ ಅಲ್ವೇನವ್ವ? ಕಾಯಿ ಬದ್ಲು ಚೀಸು ಹಾಕಿದ್ದೀಯ" ಎಂದರು. ಹುಡುಗಿಗೆ ಹುರುಪು ಬಂತು. ಆ ಡಿಸೆಂಬರಿನಲ್ಲಿ ಚೆಂದದ ಬಾಟಲಿಗಳಿಗೆ ಹಸಿ ಬೆಳ್ಳುಳ್ಳಿ, ರೋಸ್ಮರಿ ಕಡ್ಡಿ ಹಾಕಿ ಎಣ್ಣೆ ತುಂಬಿಸಿ, ಎರಡನ್ನು ನೆರೆಮನೆಗಳಿಗೆ ಕೊಟ್ಟು, ಒಂದನ್ನು ಒಲೆ ಪಕ್ಕ ಇಟ್ಟಳು. ಅದರಿಂದಲೇ ನಾವು ಎರಡು ಸಲ ಒಗ್ಗರಣೆ ಹಾಕಿ ಉಂಡೆವು. ಒಂಬತ್ತನೆಯ ರಾತ್ರಿ ಪಾತ್ರೆ ತೊಳೆಯುತ್ತಾ ಬಾಟಲಿ ಕಡೆ ನೋಡಿದವರಿಗೆ ಎದೆ ಧಸಕ್ಕೆಂದಿತು.

ಪರೀಕ್ಷೆಗೆ ಓದಿದ್ದ ಪಾಠವದು. 1985ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ, ಫ್ರಿಜ್‌ನಲ್ಲಿಡದ ಎಣ್ಣೆಯ ಬೆಳ್ಳುಳ್ಳಿ ತಿಂದು 36 ಜನ ಬಾಟುಲಿಸಂಗೆ ತುತ್ತಾದರು. ಮಣ್ಣಿನಲ್ಲಿರುವ ಆ ಬ್ಯಾಕ್ಟೀರಿಯಾದ ಬೀಜಾಣುಗಳು ಬೆಳ್ಳುಳ್ಳಿಗೆ ಅಂಟಿಕೊಂಡು ಬರುತ್ತವೆ. ಎಣ್ಣೆಯೊಳಗೆ ಗಾಳಿಯಿಲ್ಲ, ಬೆಳ್ಳುಳ್ಳಿಯಲ್ಲಿ ಹುಳಿ ಸಾಲದು. ಅವಕ್ಕೆ ಬೇಕಾದ್ದೇ ಅದು. ವಾಸನೆ, ರುಚಿ ಕೆಡದೆಯೇ ವಿಷ ಏಳಬಹುದು. ರೆಪ್ಪೆ ಜೋಲುತ್ತದೆ, ಒಂದು ಎರಡಾಗಿ ಕಾಣುತ್ತದೆ, ನುಂಗಲಾಗದು, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ.

ರಾತ್ರಿ ಹತ್ತು ಗಂಟೆಗೆ ನೆರೆಯವರಿಗೆ ಫೋನು ಮಾಡಿದೆವು. ಒಬ್ಬರು ಮುಚ್ಚಳವನ್ನೇ ತೆಗೆದಿರಲಿಲ್ಲ. ಇನ್ನೊಬ್ಬರು ಹಿಂದಿನ ದಿನವಷ್ಟೇ ಸ್ಯಾಲಡ್‌ಗೆ ಸುರಿದುಕೊಂಡಿದ್ದರು. ಒಗ್ಗರಣೆಯ ಕಾವಿಗೆ ಆ ವಿಷ ಅಳಿದೀತು, ಸ್ಯಾಲಡ್‌ಗೆ ಕಾವೆಲ್ಲಿ? ಸಾಮಾನ್ಯವಾಗಿ ಒಂದೂವರೆ ದಿನದೊಳಗೆ ಗೊತ್ತಾಗುವುದು ಹತ್ತು ದಿನದವರೆಗೂ ಎಳೆಯಬಹುದು. ಹತ್ತು ದಿನವೂ ಏನಾದರೊಂದು ನೆವ ಮಾಡಿಕೊಂಡು ಹೋಗಿ ಆ ಹಿರಿಯರ ರೆಪ್ಪೆ ನೋಡಿ ಬಂದೆವು. ದೇವರ ದಯೆ, ಏನೂ ಆಗಲಿಲ್ಲ. ಮಗಳು ಮಾತ್ರ ಮೂರು ದಿನ ಮಾತು ಬಿಟ್ಟಳು. ತಪ್ಪು ಅವಳದಲ್ಲ, ಎರಡು ಸಲ ಉಂಡೂ ಸುಮ್ಮನಿದ್ದ ಡಾಕ್ಟರದು.

ಅಮ್ಮ ಖಾರವನ್ನು ಆಯಾ ದಿನವೇ ಅರೆಯುತ್ತಿದ್ದರು, ಆಯಾ ದಿನವೇ ಮುಗಿಯುತ್ತಿತ್ತು. ಚೆನ್ನಾಗಿ ಒಣಗಿದ ಚಟ್ನಿಪುಡಿಯಲ್ಲಿ ನೀರಿನಂಶವಿಲ್ಲ, ಈ ಭಯವಿಲ್ಲ. ಮನೆಯಲ್ಲಿ ಎಣ್ಣೆಗೆ ಹಸಿ ಬೆಳ್ಳುಳ್ಳಿ ಹಾಕಿದರೆ ಫ್ರಿಜ್‌ನಲ್ಲಿಡಿ, ನಾಲ್ಕು ದಿನದಲ್ಲಿ ಮುಗಿಸಿ, ಹೆಚ್ಚಿದ್ದರೆ ಫ್ರೀಜರಿಗೆ. ಮಗಳು ಈಗ ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸುತ್ತಾಳೆ. ರಕ್ತ ತೆಳುವಾಗುವ ಮಾತ್ರೆ ನುಂಗುವ ಹಿರಿಯರು ಬೆಳ್ಳುಳ್ಳಿ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಿದ್ದರೆ ತಮ್ಮ ಡಾಕ್ಟರಿಗೆ ಹೇಳಬೇಕು. ಸಾರಿನ ಬೆಳ್ಳುಳ್ಳಿಗೆ ಹೆದರಬೇಡಿ.

ಊಟಕ್ಕೆ ಖಾರ ತಂದಿದ್ದೇವೆ, ಇವತ್ತು ಬೆಳಿಗ್ಗೆ ಅರೆದದ್ದು. ಮಜ್ಜಿಗೆ ಪಾತ್ರೆಯ ಪಕ್ಕದಲ್ಲಿದೆ. ಬೆಳ್ಳುಳ್ಳಿ ಇಲ್ಲದ್ದು ಸ್ಟೀಲ್ ಡಬ್ಬಿಯಲ್ಲಿದೆ.